ಇವರ ಕುರ್ಚಿ

ಮಾರ್ಚ್ 4, ಸೋಮವಾರ

ಇವರಿಗೆ ಕರೆ ಬಂದಿದೆ. ನನಗೆ ಬಂದಿಲ್ಲ.

ಇಷ್ಟು ಬರೆದು, ಪೆನ್ನು ಕೆಳಗಿಟ್ಟು, ಹೋಗಿ ಪಾತ್ರೆ ತೊಳೆದು ಬಂದೆ. ಒಂದು ತಟ್ಟೆ ಒಡೆಯಿತು. ಒಡೆಯಿತು ಅಂತ ಬರೆಯುವುದೇನು, ಒಡೆದೆ.

ನಗರದ ದೊಡ್ಡ ವಾದ್ಯವೃಂದದಲ್ಲಿ ವಿಯೋಲಾದ, ಅಂದರೆ ಪಿಟೀಲಿಗಿಂತ ತುಸು ದೊಡ್ಡದಾದ ನಮ್ಮ ವಾದ್ಯದ, ಒಂದು ಜಾಗ ಖಾಲಿಯಾಗಿದೆ. ಅಲ್ಲಿ ಜಾಗ ಖಾಲಿಯಾಗಬೇಕಾದರೆ ಯಾರಾದರೂ ನಿವೃತ್ತರಾಗಬೇಕು, ಇಲ್ಲವೇ ಸಾಯಬೇಕು. ನಮ್ಮ ಮದುವೆಯಾದ ಮೇಲೆ ಇದೇ ಮೊದಲು. ಇವರೂ ನಾನೂ ಒಂದೇ ಗುರುಗಳ ಹತ್ತಿರ ಕಲಿತವರು, ಒಂದೇ ಮೇಜಿನ ಮೇಲೆ ಅರ್ಜಿ ತುಂಬಿ ಕಳಿಸಿದವರು. ಇವತ್ತು ಇಬ್ಬರಿಗೂ ಉತ್ತರ ಬಂತು. ಇವರಿಗೆ, ಏಪ್ರಿಲ್ ಎಂಟಕ್ಕೆ ಆಡಿಷನ್ನಿಗೆ ಬನ್ನಿ. ನನಗೆ, ವೃತ್ತಿಪರ ಅನುಭವ ಸಾಲದು.

ಸಾಲದಂತೆ! ಆ ಕಚೇರಿಯವರ ಎದುರು ನಿಂತು ಹೇಳಬೇಕಾದ್ದನ್ನು ಇಲ್ಲೇ ಬರೆದು ತೀರಿಸಿಕೊಳ್ಳುತ್ತೇನೆ. ಸ್ವಾಮಿ, ನಾಟಕಶಾಲೆಯಲ್ಲಿ ವೇದಿಕೆಯ ಮುಂದೆ, ನೆಲಕ್ಕಿಂತ ಕೆಳಗೆ ಒಂದು ಗುಂಡಿ ಇದೆ. ಮೇಲೆ ಹಾಡು ಕುಣಿತ ನಡೆಯುವಾಗ ಕೆಳಗೆ ವಾದ್ಯ ನುಡಿಸುವವರು ಅಲ್ಲಿ ಕೂರುತ್ತೇವೆ. ಅದರಲ್ಲಿ ವಿಯೋಲಾದ ಕುರ್ಚಿ ನನ್ನ ಗಂಡನದು. ಕುರ್ಚಿ ಇದ್ದವರಿಗೆ ಬೇರೆ ಕೆಲಸ ಬಂದ ದಿನ ತಮ್ಮ ಬದಲಿಯನ್ನು ಕಳಿಸಬಹುದು. ಇವರ ಬದಲಿ ನಾನು. ಇವರಿಗೆ ರೆಕಾರ್ಡಿಂಗ್ ಸಿಕ್ಕಾಗ ನಾನು. ಹೋಟೆಲಿನಲ್ಲಿ ಸಂಜೆ ನುಡಿಸುವ ಕೆಲಸ ಸಿಕ್ಕಾಗ ನಾನು. ನೆಗಡಿಯಾದಾಗ ನಾನು. ಐದು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಶೋ ನಾನು ನುಡಿಸಿದ್ದೇನೆ. ಮೇಲಿಂದ ನಟಿಯ ಚಪ್ಪಲಿ ಜಾರಿ ನನ್ನ ತೊಡೆಯ ಮೇಲೆ ಬಿದ್ದಾಗಲೂ ಕಮಾನು ನಿಲ್ಲಿಸಿಲ್ಲ.

ಇವರದೇನೂ ತಪ್ಪಿಲ್ಲ. ಕಚೇರಿಯವರಿಗೆ ಕಣ್ಣಿಲ್ಲ, ಅಷ್ಟೇ.

ಮಾರ್ಚ್ 5, ಮಂಗಳವಾರ

ಬೆಳಿಗ್ಗೆ ಚಹಾ ಕೊಡುವಾಗ ಕೇಳಿದೆ.

"ರೀ, ಅರ್ಜಿಯಲ್ಲಿ ಗುಂಡಿಯ ಶೋಗಳನ್ನ ಹೇಗೆ ಬರೆದಿದ್ರಿ?"

"ಹೇಗೆ ಅಂದ್ರೆ? ಐದು ವರ್ಷ, ಎಲ್ಲಾ ನಾಟಕ."

"ನಾನು ನುಡಿಸಿದ್ದೂ ಸೇರಿಸಿ?"

"ಕುರ್ಚಿ ನನ್ನದು ಕಣೇ. ಇವತ್ತು ಯಾರು ಕೂತ್ರು, ನಾಳೆ ಯಾರು ಕೂತ್ರು ಅಂತ ಬರೆಯೋಕಾಗುತ್ತಾ?"

"ನಾನು ಬದಲಿ ಅಂತ ಬರೆದಿದ್ದೆ. ಅದನ್ನ ಯಾರೂ ಗಣನೆಗೇ ತಗೊಂಡಿಲ್ಲ."

"ಬಿಡು. ಇಬ್ಬರಲ್ಲಿ ಒಬ್ಬರಿಗಾದ್ರೂ ಬಂತಲ್ಲ, ಅದಕ್ಕೆ ಖುಷಿಪಡು. ನನಗೆ ಸಿಕ್ಕಿದ್ರೆ ಗುಂಡಿಯ ಕುರ್ಚಿ ನಿನಗೇ ಬಿಟ್ಟುಕೊಡ್ತೀನಿ."

ಬಿಟ್ಟುಕೊಡುತ್ತಾರಂತೆ. ಹೇಳುವಾಗ ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರಿ ಮೊದಲ ತುಂಡನ್ನು ನನಗೇ ಕೊಟ್ಟರು. ಇವರು ಒಳ್ಳೆಯವರು. ಅದೇ ನನ್ನ ತಲೆ ಕೆಡಿಸುವುದು. ಕೆಟ್ಟವರಾಗಿದ್ದರೆ ಬೈಯಲು ಸಲೀಸಾಗಿರುತ್ತಿತ್ತು.

ಮಾರ್ಚ್ 8, ಶುಕ್ರವಾರ

ಮೇಸ್ತ್ರಿಯನ್ನು ಹಿಡಿದೆ.

ನಾವೆಲ್ಲ ಅವನನ್ನು ಕರೆಯುವುದೇ ಹಾಗೆ. ಕಟ್ಟಡದ ಕೆಲಸಕ್ಕೆ ಆಳು ಗೊತ್ತುಮಾಡುವವನ ಹಾಗೆ ನಾಟಕಗಳಿಗೆ ವಾದ್ಯದವರನ್ನು ಗೊತ್ತುಮಾಡುವವ ಅವನು. ಅವನ ಫೋನು ಬಂದರೆ ಕೆಲಸ, ಬರದಿದ್ದರೆ ಇಲ್ಲ. ಅರ್ಜಿಯಿಲ್ಲ, ಪರೀಕ್ಷೆಯಿಲ್ಲ, ಏನೂ ಇಲ್ಲ. ಅವನಿಗೆ ನೆನಪಿದ್ದರೆ ನೀವು ವಾದಕರು. ಅವನು ಮರೆತರೆ ಮನೆಯಲ್ಲಿ ಕೂತು ಮಕ್ಕಳಿಗೆ ಪಾಠ ಹೇಳಿ.

ನಾಟಕಶಾಲೆಯ ಹಿಂಬಾಗಿಲಲ್ಲಿ ಸಿಗರೇಟು ಸೇದುತ್ತಾ ನಿಂತಿದ್ದ. ನಾನು ನುಡಿಸಿದ ಶೋಗಳಿಗೆ ನನ್ನ ಹೆಸರಿನಲ್ಲಿ ಒಂದು ಮಾತು ಬರೆದುಕೊಡಿ ಎಂದೆ.

"ಏನಮ್ಮಾ, ಒಂದೇ ಮನೆ ತಾನೇ? ಗಂಡ ಕೂತರೇನು, ಹೆಂಡತಿ ಕೂತರೇನು?"

"ಹಾಗಾದ್ರೆ ನನ್ನ ಹೆಸರಲ್ಲೇ ಬರೆದುಕೊಡಿ. ಒಂದೇ ಮನೆ ತಾನೇ?"

ಹೊಗೆ ಗಂಟಲಿಗೆ ಸಿಕ್ಕಿಕೊಂಡಿತು ಅವನಿಗೆ. ಕೆಮ್ಮಿ ಮುಗಿಸಿ, "ನನ್ನ ಹತ್ರ ನಿಮ್ಮ ನಂಬರೇ ಇಲ್ಲ. ನಾನು ಯಾವತ್ತೂ ನಿಮ್ಮನ್ನ ಕರೆದಿಲ್ಲ. ಕರೆದಿದ್ದು ನಿಮ್ಮ ಯಜಮಾನ್ರನ್ನ," ಎಂದ.

ಅಷ್ಟು ವರ್ಷ ಅವನ ಕಣ್ಣೆದುರಿಗೇ ಕೂತಿದ್ದೆ! ಒಳಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತು ಇಡೀ ಶೋ ನುಡಿಸಿದೆ. ಎರಡನೇ ಅಂಕದಲ್ಲಿ ನಾಯಕಿ ಅಳುವ ಜಾಗದಲ್ಲಿ ವಿಯೋಲಾ ಒಂದೇ ನುಡಿಯುತ್ತದೆ. ಪ್ರೇಕ್ಷಕರು ಮೂಗು ಒರೆಸಿಕೊಳ್ಳುವುದು ಕೆಳಗೆ ನಮಗೂ ಕೇಳಿಸಿತು. ಅಳಿ, ಚೆನ್ನಾಗಿ ಅಳಿ. ನುಡಿಸಿದವರು ಯಾರು ಎಂದು ಕೇಳಿದರೆ ಮೇಸ್ತ್ರಿ ಹೇಳುತ್ತಾನೆ.

ಮಾರ್ಚ್ 10, ಭಾನುವಾರ

ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನುಡಿಸುತ್ತಿದ್ದೆ. ನಿಲ್ಲಿಸಿದ ಕೂಡಲೇ ಅಡಿಗೆಮನೆಯಿಂದ ಅತ್ತೆಯ ದನಿ. "ನನ್ನ ಮಗ ಇವತ್ತು ಎಷ್ಟು ಚೆನ್ನಾಗಿ ನುಡಿಸ್ದ! ಕೈಯಲ್ಲಿರೋ ಕೆಲಸ ಬಿಟ್ಟು ಕೂತ್ಕೊಂಡು ಕೇಳ್ದೆ."

ಇವರು ಆಗ ಪೇಟೆಗೆ ಹೋಗಿದ್ದರು. ನಾನು ವಿಯೋಲಾ ಹಿಡಿದುಕೊಂಡೇ ಹೊರಗೆ ಬಂದೆ. ಅತ್ತೆ "ಓ, ನೀನಾ" ಎಂದು ಮತ್ತೆ ತರಕಾರಿಗೆ ಕೈ ಹಾಕಿದರು.

ಮಾರ್ಚ್ 13, ಬುಧವಾರ

ವಾದ್ಯವೃಂದದ ಕಚೇರಿಗೇ ಹೋದೆ. ಇವರಿಗೆ ಹೇಳಲಿಲ್ಲ. ಉದ್ದ ಕಾರಿಡಾರು, ಗೋಡೆಯ ತುಂಬ ವಾದ್ಯವೃಂದ ನಡೆಸಿ ಸತ್ತ ಕಂಡಕ್ಟರುಗಳ ಫೋಟೋ. (ಅತ್ತೆ ಮೊದಲ ಸಲ ಈ ಪದ ಕೇಳಿದಾಗ, ಬಸ್ಸಿನವನು ಇಲ್ಲಿ ಟಿಕೆಟ್ ಬದಲು ಕಡ್ಡಿ ಹಿಡಿದುಕೊಂಡಿದಾನಲ್ಲ ಎಂದಿದ್ದರು. ಆಗ ಮನೆಯಲ್ಲಿ ಎಲ್ಲರೂ ನಗುತ್ತಿದ್ದೆವು.)

ಕೌಂಟರಿನ ಹೆಂಗಸು ನನ್ನ ಮಾತು ಪೂರ್ತಿ ಕೇಳಿದಳು. ಅದೇ ಒಂದು ಸಮಾಧಾನ. "ನೀವು ನುಡಿಸಿದ್ದನ್ನ ಪಕ್ಕದಲ್ಲಿ ಕೂತು ಕೇಳಿದೋರು ಇಬ್ಬರು ಬರೆದುಕೊಟ್ರೆ ಮತ್ತೆ ನೋಡೋಕಾಗುತ್ತೆ. ಸೋಮವಾರದೊಳಗೆ ಬರಬೇಕು," ಎಂದಳು.

ಅಲ್ಲಿಂದ ನೇರ ಚೆಲ್ಲೋ ಅಜ್ಜನ ಅಂಗಡಿಗೆ. ಗುಂಡಿಯಲ್ಲಿ ನನ್ನ ಎಡಕ್ಕೆ ಕೂತು ಚೆಲ್ಲೋ ಎಂಬ ದೊಡ್ಡ ಪಿಟೀಲು ನುಡಿಸುವ ಅಜ್ಜ ಹಗಲು ಹೊತ್ತು ಕಮಾನುಗಳಿಗೆ ಹೊಸ ಕುದುರೆ ಕೂದಲು ಕಟ್ಟುವ ಅಂಗಡಿ ನಡೆಸುತ್ತಾರೆ. ಮಾತು ಮುಗಿಯುವ ಮೊದಲೇ ಕನ್ನಡಕ ಹುಡುಕಿ ಬರೆಯಲು ಕೂತರು. "ಇಷ್ಟು ದಿನ ಯಾಕೆ ಸುಮ್ಮನಿದ್ದೆ ಮಗಳೇ?" ಎಂದು ಮಾತ್ರ ಕೇಳಿದರು. 

ಗುಂಡಿಯಲ್ಲಿ ಟ್ರಂಪೆಟ್ ಊದುವವನು ಮಾತ್ರ ಆಗಲ್ಲ ಎಂದ. "ತಪ್ಪು ತಿಳೀಬೇಡಿ ಅಕ್ಕಾ. ಮೇಸ್ತ್ರಿ ನನ್ನನ್ನ ಕರೆಯೋದು ಬಿಟ್ಟರೆ?" ಕಣ್ಣು ತಪ್ಪಿಸಿ ಹೇಳಿದ. ಇವನ ಮಗಳಿಗೆ ಒಂದು ಬೇಸಿಗೆ ಪೂರ್ತಿ ಪುಕ್ಕಟೆ ಪಾಠ ಹೇಳಿದ್ದೆ. ಕಪಾಳಕ್ಕೆ ಬಿಗಿಯಬೇಕೆನಿಸಿತು. ಡ್ರಮ್ಸ್ ಬಾರಿಸುವವನು ಸದ್ದು ಹೊರಗೆ ಬಾರದಿರಲೆಂದು ಗಾಜಿನ ಪೆಟ್ಟಿಗೆಯೊಳಗೆ ಕೂರುವ ಪ್ರಾಣಿ, ನನ್ನ ವಾದ್ಯ ಅವನಿಗೆ ಕೇಳಿಸುತ್ತದೋ ಇಲ್ಲವೋ ಎಂದುಕೊಂಡಿದ್ದೆ. ಅವನು ನಿಂತಲ್ಲೇ ಬರೆದುಕೊಟ್ಟ. "ನೀವು ಬಂದ ದಿನ ನನಗೆ ತಾಳ ಹಿಡಿಯೋದು ಸಲೀಸು" ಎಂದ. ಇಂಥ ಮಾತು ಕೇಳಿ ಎಷ್ಟು ಕಾಲವಾಯಿತು!

ಮಾರ್ಚ್ 20, ಬುಧವಾರ

ಕರೆ ಬಂತು. ನನಗೂ ಏಪ್ರಿಲ್ ಎಂಟು.

ಸಂತೋಷ ಪೂರ್ತಿ ಅರ್ಧ ದಿನವೂ ಉಳಿಯಲಿಲ್ಲ. ಮೇಸ್ತ್ರಿಗೆ ವಿಷಯ ಗೊತ್ತಾಗಿ ಇವರಿಗೆ ಫೋನು ಮಾಡಿದ್ದಾನೆ. ಇವರು ಬಾಗಿಲು ದೂಡಿಕೊಂಡೇ ಒಳಗೆ ಬಂದರು.

"ಊರೆಲ್ಲ ಸುತ್ತಿ ಸಹಿ ಹಾಕಿಸ್ಕೊಂಡು ಬಂದೆಯಂತೆ? ನನ್ನ ಮರ್ಯಾದೆ ಏನಾಗಬೇಕು? ಶೋಗಳನ್ನ ನಾನು ಸುಳ್ಳು ಬರೆದೆ ಅಂತ ಆಯ್ತಲ್ಲ!"

"ಸುಳ್ಳೇ ಅಲ್ವಾ?"

"ನಿನಗೆ ಆ ಕುರ್ಚಿ ತೋರಿಸಿದ್ದೇ ನಾನು. ನಾನಿಲ್ಲದಿದ್ರೆ ಗುಂಡಿಯ ಬಾಗಿಲು ಯಾವ ಕಡೆ ಅಂತ ಕೂಡ ಗೊತ್ತಿರ್ತಿರಲಿಲ್ಲ ನಿನಗೆ."

"ಮದುವೆಗೆ ಮುಂಚೆ ಗುರುಗಳು ಮೊದಲ ಸಾಲಿನಲ್ಲಿ ಕೂರಿಸಿದ್ದು ಯಾರನ್ನ? ನನ್ನನ್ನ. ನಿನ್ನನ್ನ ಹಿಂದೆ ಕೂರಿಸಿದ್ದರು, ನನ್ನ ಬೆನ್ನು ನೋಡಿಕೊಂಡು ಕಲಿ ಅಂತ!"

ನಿನ್ನ ಅಂದುಬಿಟ್ಟೆ. ಅತ್ತೆ ಅಡಿಗೆಮನೆಯಲ್ಲಿ ನಲ್ಲಿ ನಿಲ್ಲಿಸಿದರು.  ಹೊಡೆದಿದ್ದರೆ ಹೇಗೋ ಹಾಗೆ ಅವನು ನಿಂತ. ನನಗೆ ಅಯ್ಯೋ ಅನಿಸಬೇಕಿತ್ತು. ಅನಿಸಲಿಲ್ಲ. ಆಡಿಷನ್ ಮುಗಿಯುವವರೆಗೆ ಗುಂಡಿಗೆ ನಾನು ಕಾಲಿಡುವುದಿಲ್ಲ ಎಂದು ಹೇಳಿ ಬಾಗಿಲು ಹಾಕಿಕೊಂಡೆ.

ಮಾರ್ಚ್ 22, ಶುಕ್ರವಾರ

ಅವನೇ ಶೋಗೆ ಹೋದ. ಹೋಗುವಾಗ ಗುಂಡಿಯ ಸದ್ದಿಗೆ ಕಿವಿಗೆ ಹಾಕುವ ಹತ್ತಿ ಎಲ್ಲಿದೆ ಎಂದು ಅತ್ತೆಯನ್ನು ಕೇಳಿದ. ನನ್ನ ಪೆಟ್ಟಿಗೆಯಲ್ಲಿದೆ. ಹೇಳಲಿಲ್ಲ.

ಮಾರ್ಚ್ 26, ಮಂಗಳವಾರ

ಎರಡು ಕೋಣೆಯ ಮನೆಯಲ್ಲಿ ಎರಡು ವಿಯೋಲಾ. ಆಡಿಷನ್ನಿಗೆ ಕೊಟ್ಟಿರುವುದು ಎಲ್ಲರಿಗೂ ನುಡಿಸಲು ಅವೇ ಸಾಲುಗಳು. ಅವನು ಮಲಗುವ ಕೋಣೆಯಲ್ಲಿ, ನಾನು ಬಚ್ಚಲಲ್ಲಿ. ಒಬ್ಬರು ತಪ್ಪಿದ ಜಾಗವನ್ನು ಇನ್ನೊಬ್ಬರು ಬೇಕೆಂದೇ ಗಟ್ಟಿಯಾಗಿ, ತಪ್ಪಿಲ್ಲದೆ ನುಡಿಸುವುದು. ನಾನೂ ಮಾಡಿದೆ, ಇಲ್ಲವೆನ್ನುವುದಿಲ್ಲ. ಪಕ್ಕದ ಮನೆಯಾತ ಗೋಡೆ ಗುದ್ದಿದ.

ಮಧ್ಯಾಹ್ನ ಅವನು ಮಲಗಿದ್ದಾಗ ಅತ್ತೆ ಬಚ್ಚಲ ಬಾಗಿಲಿಗೆ ಬಂದು ನಿಂತರು.

"ಸ್ವಲ್ಪ ಮೆಲ್ಲಗೆ ನುಡಿಸ್ಬಾರ್ದಾ? ನಿನ್ನದು ಕೇಳಿ ಅವನಿಗೆ ಕೈ ಬರ್ತಿಲ್ಲ."

"ನನ್ನದು ಯಾವುದು, ಅವರದು ಯಾವುದು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಅತ್ತೆ? ಅವತ್ತು ನನ್ನ ಮಗ ನುಡಿಸ್ದ ಅಂದ್ರಲ್ಲ."

ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದರು. ಕೈ ಒಣಗಿಯೇ ಇತ್ತು. "ಗೊತ್ತಾಗದೆ ಏನು? ಇಷ್ಟು ವರ್ಷ ಕೇಳಿಲ್ವಾ? ನೀನು ಅಂತ ಗೊತ್ತಿದ್ದೇ ಹೇಳ್ದೆ. ಅವನು ಆಗಷ್ಟೇ ಪೇಟೆಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡ್ತಿದ್ದ. ಕಿವಿಗೆ ಬಿದ್ರೆ ಉತ್ಸಾಹ ಬರಲಿ ಅಂತ."

ಕಮಾನನ್ನು ಬಕೆಟ್ಟಿನ ಮೇಲೆ ಇಟ್ಟೆ. ಇಡದಿದ್ದರೆ ಮುರಿಯುತ್ತಿದ್ದೆ. ಅತ್ತೆಗೆ ಗೊತ್ತಿತ್ತು! ಗೋಡೆಯ ಆಚೆಗಿದ್ದೂ ಗೊತ್ತಿತ್ತು! ಗೊತ್ತಿಲ್ಲದೆ ಕಿತ್ತುಕೊಂಡವರನ್ನು ಕ್ಷಮಿಸಬಹುದೇನೋ. ಇವರು ನನ್ನದೆಂದು ಗುರುತಿಸಿ, ಎತ್ತಿ, ಮಗನ ಕೈಗೆ ಇಟ್ಟವರು.

ವಿಯೋಲಾ ಪೆಟ್ಟಿಗೆಗೆ ಹಾಕಿಕೊಂಡು ಚೆಲ್ಲೋ ಅಜ್ಜನ ಅಂಗಡಿಗೆ ಹೋದೆ. ಮಹಡಿಯ ಮೇಲೆ ಹಳೆ ಪೆಟ್ಟಿಗೆಗಳನ್ನು ತುಂಬಿದ ಒಂದು ಕೋಣೆ ಖಾಲಿ ಬಿದ್ದಿದೆ. ಅಜ್ಜ ಬೀಗದಕೈ ಕೊಟ್ಟು, "ಕಿಟಕಿ ಬಿಗಿ, ಗುದ್ದಿ ತೆಗಿ" ಎಂದರು. ಗುದ್ದಿದೆ. ಕಿಟಕಿಗೆ ಬೇಕಾದ್ದಕ್ಕಿಂತ ಹೆಚ್ಚೇ ಗುದ್ದಿದೆ. ಸಂಜೆ ಮನೆಗೆ ಬರುವಷ್ಟರಲ್ಲಿ ಕೈ ಊದಿಕೊಂಡಿತ್ತು.

ಏಪ್ರಿಲ್ 8, ಸೋಮವಾರ

ಬಾಗಿಲಿಂದ ವೇದಿಕೆಯ ನಡುವಿನವರೆಗೆ ದಪ್ಪ ಜಮಖಾನ ಹಾಸಿದ್ದಾರೆ, ನಡಿಗೆಯ ಸದ್ದಿನಿಂದ ಗಂಡೋ ಹೆಣ್ಣೋ ಗೊತ್ತಾಗಬಾರದೆಂದು. ಆಯ್ಕೆ ಮಾಡುವವರು ಸಭಾಂಗಣದಲ್ಲಿ, ನಡುವೆ ಕಪ್ಪು ಪರದೆ. ನಮಗೆ ಹೆಸರಿಲ್ಲ, ಚೀಟಿಯ ಮೇಲೆ ಒಂದು ನಂಬರು. ಬಾಯಿ ಬಿಡುವಂತಿಲ್ಲ. ಏನಾದರೂ ಕೇಳುವುದಿದ್ದರೆ ಪಕ್ಕದಲ್ಲಿ ನಿಂತ ಸಿಬ್ಬಂದಿಯ ಕಿವಿಯಲ್ಲಿ ಹೇಳಬೇಕು, ಅವನು ಅದನ್ನು ಗಟ್ಟಿಯಾಗಿ ಕೇಳುತ್ತಾನೆ. ಇಷ್ಟು ವರ್ಷ ಹೆಸರಿಲ್ಲದೆ ನುಡಿಸಿ ಅಭ್ಯಾಸವಾದ ನನಗೆ ಇದೊಂದು ಹೊಸದೇ?

ಕಾಯುವ ಕೋಣೆಯಲ್ಲಿ ಊರೂರಿಂದ ಬಂದವರು. ಎಲ್ಲ ಮೂಲೆಯಿಂದಲೂ ಅದೇ ಸಾಲು. ಒಬ್ಬಾಕೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು, ಒಬ್ಬ ಬಾಳೆಹಣ್ಣು ತಿನ್ನುತ್ತಿದ್ದ. ಗಂಡನೂ ನಾನೂ ಒಂದೇ ಬಸ್ಸಿನಲ್ಲಿ ಬಂದು ಎದುರುಬದುರು ಗೋಡೆಗೆ ಕೂತೆವು. ಅವನ ಸರದಿ ಮೊದಲು. ಬಾಗಿಲ ಹೊರಗೆ ನನಗೆ ಕೇಳಿಸಿತು. ವೇಗದ ಸಾಲಿನಲ್ಲಿ ಕೈ ಬಿಗಿಯಾಯಿತು. ದಿನಾ ಗುಂಡಿಯಲ್ಲಿ ಕೂತು ದಣಿದ ಭುಜ ಅದು, ನನಗೆ ಆ ಬಿಗಿ ಗೊತ್ತು. ಅರ್ಧಕ್ಕೇ ಒಳಗಿಂದ "ಥ್ಯಾಂಕ್ಯೂ" ಬಂತು. ಅರ್ಧಕ್ಕೆ ಬಂತೆಂದರೆ ಮುಗಿಯಿತು. ಪೆಟ್ಟಿಗೆ ಮುಚ್ಚಿಕೊಂಡು ನನ್ನ ಕಡೆ ನೋಡದೆ ಹೊರಟುಹೋದ. ಒಳ್ಳೆಯದಾಗಲಿ ಎಂದೊಂದು ಮಾತು? ಅದೂ ಇಲ್ಲ.

ಆ ಸಿಟ್ಟಿನಲ್ಲೇ ಒಳಗೆ ಹೋದೆ. ನನಗೆ ಸಿಟ್ಟು ಬಂದರೆ ಕೈ ಇನ್ನಷ್ಟು ಹಿಡಿತಕ್ಕೆ ಬರುತ್ತದೆ. ಪೂರ್ತಿ ನುಡಿಸಿದೆ. ಯಾರೂ ನಿಲ್ಲಿಸಲಿಲ್ಲ. ಎರಡನೇ ಸುತ್ತಿನಲ್ಲೂ ನಿಲ್ಲಿಸಲಿಲ್ಲ. ಮೂರನೆಯದಕ್ಕೆ ಉಳಿದವರು ನಾನು ಮತ್ತು ಒಬ್ಬ ಉದ್ದನೆಯ ಹುಡುಗ, ಬಾಳೆಹಣ್ಣಿನವನೇ. ಆಗ ಪರದೆ ತೆಗೆದರು.

ಪರದೆ ತೆಗೆದಾಗ ಕಂಡದ್ದು ಸಾಲಾಗಿ ಕೂತ ಮುಖಗಳು. ವಿಯೋಲಾದವರ ಮುಖ್ಯಸ್ಥ ಕನ್ನಡಕದ ಮೇಲಿಂದ ನೋಡಿದ.

"ನೀವು ಅವರ ಹೆಂಡತಿ ಅಲ್ವಾ? ಬೆಳಿಗ್ಗೆ ಕಾರಿಡಾರಿನಲ್ಲಿ ಅವರನ್ನ ನೋಡ್ದೆ. ಇಬ್ಬರೂ ಇದೇ ಕೆಲಸ ಅಂದ್ರೆ ಮನೆ ನೋಡ್ಕೊಳ್ಳೋದು ಯಾರು?"

"ಈ ಪ್ರಶ್ನೆ ಆ ಉದ್ದನೆಯವರನ್ನೂ ಕೇಳಿದ್ರಾ ಸರ್?"

ಸಾಲಿನ ತುದಿಯಲ್ಲಿ ಕೂತ ನರೆಗೂದಲಿನ ಹೆಂಗಸು ಕೆಮ್ಮಿನಂಥದೇನನ್ನೋ ಕರ್ಚೀಫಿನಲ್ಲಿ ಅಡಗಿಸಿದಳು. ಕೆಲಸ ಹೋಯಿತು ಎಂದುಕೊಂಡೇ ನುಡಿಸಿದೆ. ಸಂಜೆ ಹೇಳಿದರು. ಇಬ್ಬರನ್ನೂ ಕೆಲವು ವಾರ ಪ್ರಯೋಗಕ್ಕೆ ತೆಗೆದುಕೊಳ್ಳುತ್ತಾರಂತೆ. ಒಂದು ಸಂಗೀತ ಕಛೇರಿಗೆ ಆ ಹುಡುಗ, ಒಂದಕ್ಕೆ ನಾನು. ಆಮೇಲೆ ವಿಯೋಲಾದವರೆಲ್ಲ ಕೂತು ಒಬ್ಬರನ್ನು ಆರಿಸುತ್ತಾರೆ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ, "ಮೆಲ್ಲಗೆ ಬಾ. ಅವನು ಊಟ ಮಾಡಿಲ್ಲ," ಎಂದರು. ನಾನು ಮಾಡಿದ್ದೇನೆಯೇ? ನಿನಗೇನಾಯಿತು? ಯಾರೂ ಕೇಳಲಿಲ್ಲ.

ಏಪ್ರಿಲ್ 11, ಗುರುವಾರ

ಅವನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. "ಹೌದಪ್ಪಾ, ನಮ್ಮ ಮನೆಗೇ ಸಿಕ್ತು. ಹೂಂ, ನಾನೇ ತಯಾರಿ ಮಾಡಿಸಿದ್ದು."

ತಯಾರಿ! ಬಚ್ಚಲಲ್ಲಿ!

ಏಪ್ರಿಲ್ 23, ಮಂಗಳವಾರ

ಪ್ರಯೋಗದ ಮೊದಲ ರಿಹರ್ಸಲ್. ನನ್ನ ಜೊತೆ ಒಂದೇ ಸ್ಟ್ಯಾಂಡಿನ ಹಾಳೆ ನೋಡಿ ನುಡಿಸುವವಳು ಅದೇ ನರೆಗೂದಲಿನವಳು. ಬೆಳಗಿನಿಂದ ಆಡಿದ ಮಾತು ಒಂದೇ, "ಪೆನ್ಸಿಲ್ ಇದೆಯಾ?" ಹಿಂದಿನಿಂದ ಕಣ್ಣುಗಳು ಬೆನ್ನಿಗೆ ಚುಚ್ಚುತ್ತಿದ್ದವು. ಬಿಡುವಿನಲ್ಲಿ ಎಲ್ಲರೂ ತಂತಮ್ಮ ಗುಂಪಿಗೆ ಹೋದರು. ನಾನು ಸುಡುವ ಚಹಾ ಲೋಟ ಹಿಡಿದು ಕಂಬದ ಹಾಗೆ ನಿಂತೆ. ಒಂದು ಕುರ್ಚಿ ಎಳೆದು "ಕೂರಿ" ಎನ್ನಲು ಇವರಪ್ಪನ ಗಂಟು ಹೋಗುತ್ತಿತ್ತೇ?

ಮಧ್ಯಾಹ್ನ ನಿಧಾನದ ಭಾಗ ಎತ್ತಿಕೊಂಡರು. ಗುಂಡಿಯಲ್ಲಿ ವಿಯೋಲಾ ನಾನೊಬ್ಬಳೇ, ಪಕ್ಕದಲ್ಲಿ ಡ್ರಮ್ಸು. ಇಲ್ಲಿ ಅದೇ ವಾದ್ಯ ಹತ್ತು ಒಟ್ಟಿಗೆ ನುಡಿದವು. ನನ್ನ ಕಮಾನು ಯಾವುದು, ಪಕ್ಕದವಳದು ಯಾವುದು ನನಗೇ ತಿಳಿಯಲಿಲ್ಲ. ಕೆಳಗಿನ ತಂತಿಯಲ್ಲಿ ನೆಲವೇ ಗುನುಗಿದ ಹಾಗಿತ್ತು, ಪಾದಕ್ಕೆ ತಾಗುತ್ತಿತ್ತು. ಅದರ ಮೇಲೆ ಒಂದೇ ಕೊಳಲು ತಣ್ಣಗೆ ತೇಲಿ ಬಂತು. 

ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿಹೋಯಿತು. ಹಿಂದಕ್ಕೆ ನಡೆದೆ.

ಮೇ 3, ಶುಕ್ರವಾರ

"ನಾಳೆ ನನಗೆ ರೆಕಾರ್ಡಿಂಗ್ ಬಂದಿದೆ. ಗುಂಡಿಗೆ ನೀನು ಹೋಗು," ಎಂದ, ಉಪ್ಪು ಇತ್ತ ಕೊಡು ಎನ್ನುವ ಹಾಗೆ.

"ನಾಳೆ ವಾದ್ಯವೃಂದದಲ್ಲಿ ನನ್ನ ಕಛೇರಿ."

"ಒಂದು ದಿನ ಹುಷಾರಿಲ್ಲ ಅಂತ ಹೇಳು. ಆ ಉದ್ದನೆಯವನು ಹೇಗೂ ಇದಾನಲ್ಲ."

ಎಷ್ಟು ಸಿಟ್ಟು ಬಂತೆಂದರೆ ಕೂಗಲೂ ಆಗಲಿಲ್ಲ. "ಆಗಲ್ಲ" ಎಂದೆ. ಅವನು ಸ್ವಲ್ಪ ಕಾದ. ನಾನು ಇನ್ನೇನಾದರೂ ಸೇರಿಸುತ್ತೇನೆ ಎಂದುಕೊಂಡನೇನೋ. ಇಷ್ಟು ವರ್ಷ ಸೇರಿಸುತ್ತಿದ್ದೆ, "ನೋಡೋಣ", "ಹೇಗಾದ್ರೂ ಮಾಡೋಣ" ಅಂತ. ಇವತ್ತು ತಟ್ಟೆ ಎತ್ತಿಕೊಂಡು ಎದ್ದೆ.

ಮೇ 7, ಮಂಗಳವಾರ

ಶನಿವಾರ ಅವನು ಗುಂಡಿಗೆ ತನ್ನ ಶಿಷ್ಯನೊಬ್ಬನನ್ನು ಕಳಿಸಿದ್ದನಂತೆ. ಎರಡನೇ ಅಂಕದಲ್ಲಿ ಹುಡುಗ ದಾರಿ ತಪ್ಪಿ, ನಾಯಕಿ ಮೇಲೆ ಬಾಯಿ ಬಿಟ್ಟುಕೊಂಡು ನಿಂತಳಂತೆ. ಇವತ್ತು ಮೇಸ್ತ್ರಿ ಕುರ್ಚಿ ಬೇರೆಯವರಿಗೆ ಕೊಟ್ಟಿದ್ದಾನೆ.

"ನಿನ್ನಿಂದ ಹೋಯ್ತು," ಎಂದ ಅವನು.

"ಇಷ್ಟು ದಿನ ನನ್ನಿಂದ ಉಳಿದಿತ್ತು. ಅದನ್ನ ಯಾವತ್ತಾದ್ರೂ ಹೇಳಿದೀಯಾ?"

ಅತ್ತೆ ನಡುವೆ ಬಂದು, "ಇಬ್ಬರೂ ಸುಮ್ಮನಿರಿ" ಎಂದು ಅಳಲು ಶುರುಮಾಡಿದರು. ಹಿಂದಾಗಿದ್ದರೆ ನಾನೇ ಹೋಗಿ ಸಮಾಧಾನ ಮಾಡುತ್ತಿದ್ದೆ. ವಿಯೋಲಾ, ಎರಡು ಜೊತೆ ಬಟ್ಟೆ, ಸ್ಟ್ಯಾಂಡು ತೆಗೆದುಕೊಂಡು ಅಜ್ಜನ ಅಂಗಡಿಯ ಮಹಡಿಗೆ ಬಂದೆ. ಬರುವ ವಾರದ ಸಂಗೀತ ಕಛೇರಿಯ ಹಾಳೆಗಳು ಕಠಿಣವಾಗಿವೆ. ನಾಲ್ಕು ದಿನ ಇಲ್ಲೇ ಇದ್ದು ಬೆರಳಿಗೆ ಕೂರಿಸಿಕೊಂಡು ಹೋಗುತ್ತೇನೆ.

ಮೇ 16, ಗುರುವಾರ

ಅತ್ತೆ ಬಂದಿದ್ದರು, ಏದುಸಿರು ಬಿಡುತ್ತಾ, ಕೈಯಲ್ಲಿ ಊಟದ ಡಬ್ಬಿ, ನನ್ನ ಹೊದಿಕೆ, ತಲೆದಿಂಬು. "ಇಷ್ಟು ಕಡಿದಾದ ಮೆಟ್ಟಿಲು ಯಾವ ಪುಣ್ಯಾತ್ಮ ಕಟ್ಟಿಸ್ದ?" ಎಂದು ಪೆಟ್ಟಿಗೆಯೊಂದರ ಮೇಲೆ ಕೂತರು. ನಾನು ಸಿಟ್ಟಿನಲ್ಲೇ ಇದ್ದೆ, ಮಾತಾಡಿಸದೆ ನುಡಿಸುತ್ತಲೇ ಹೋದೆ. ಒಂದು ಭಾಗ ಮುಗಿದಾಗ, "ಆ ನಡುವಿನದು ಇನ್ನೊಂದು ಸಲ ನುಡಿಸು," ಎಂದರು. ನು‌ಡಿಸಿದೆ. ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದರು. ಮಗನ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಇಳಿಯುವಾಗ, "ಕಿಟಕಿಗೆ ಒಂದು ಪರದೆ ಹೊಲಿದು ತರ್ತೀನಿ," ಎಂದರು.

ಮೇ 27, ಸೋಮವಾರ

ನನ್ನನ್ನು ಆರಿಸಿದ್ದಾರೆ. ಬೆಳಿಗ್ಗೆ ಕಚೇರಿಯಿಂದ ಫೋನು ಬಂತು.

ಇದನ್ನು ಬರೆಯುವಾಗ ಕುಣಿಯಬೇಕಿತ್ತು. ಕೈ ಇನ್ನೂ ಸಿಟ್ಟಿನಿಂದ ಬಿಸಿಯಾಗಿದೆ. ರಿಹರ್ಸಲ್ಲಿಗೆ ಹೋದರೆ ಆ ಉದ್ದನೆಯ ಹುಡುಗ ಪೆಟ್ಟಿಗೆ ಹಿಡಿದು ಕುರ್ಚಿ ಹುಡುಕುತ್ತಿದ್ದಾನೆ! ನನಗೆ ಆಯಿತು ಎಂದು ಹೇಳಿದವರು ಅವನಿಗೆ ಆಗಲಿಲ್ಲ ಎಂದು ಹೇಳಿಲ್ಲ. ರೈಲಿನಲ್ಲಿ ಅಷ್ಟು ದೂರದಿಂದ ಬಂದಿದ್ದಾನೆ. ಎಲ್ಲರಿಗೂ ಗೊತ್ತು, ಎಲ್ಲರೂ ತಂತಿ ಶ್ರುತಿ ಮಾಡುವ ನಾಟಕ ಆಡುತ್ತಿದ್ದಾರೆ. ಅವನು ನನ್ನ ಮುಖ ನೋಡಿದ. ನನ್ನ ಮುಖದಲ್ಲೇ ಓದಿಕೊಂಡು, ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತ.

ಕಚೇರಿಗೆ ನುಗ್ಗಿದೆ. "ಒಂದು ಫೋನು ಮಾಡೋಕೆ ನಿಮಗೇನು ದಾಡಿ? ಅವನು ಮನುಷ್ಯ ಅಲ್ವಾ?" ಕೌಂಟರಿನ ಹೆಂಗಸು ಕೆಂಪಾದಳು. ಮುಖ್ಯಸ್ಥರು ಹೇಳುತ್ತೇನೆ ಎಂದಿದ್ದರಂತೆ. ಮುಖ್ಯಸ್ಥನ ಹತ್ತಿರ ಹೋದೆ. ಕಚೇರಿಯವರು ಹೇಳುತ್ತಾರೆ ಎಂದುಕೊಂಡಿದ್ದನಂತೆ. "ಹಾಗಾದ್ರೆ ಈಗ ಎದ್ದು ಹೋಗಿ ನೀವೇ ಹೇಳಿ ಸರ್. ಅವನು ಇನ್ನೂ ಮೆಟ್ಟಿಲ ಮೇಲೆ ಕೂತಿದಾನೆ." ಇಡೀ ಸಾಲು ತಿರುಗಿ ನೋಡಿತು. ಮುಖ್ಯಸ್ಥ ಎದ್ದು ಹೋದ. ಹೋಗಲೇಬೇಕಾಯಿತು.

ನರೆಗೂದಲಿನವಳು ಹಾಳೆ ಸರಿಮಾಡುತ್ತಾ ಪಿಸುಗುಟ್ಟಿದಳು. "ಮೊದಲನೇ ವರ್ಷ ಬಾಯಿ ಮುಚ್ಕೊಂಡಿರಬೇಕು. ಖಾಯಂ ಆದ ಮೇಲೆ ಕೂಗಾಡು." ಆಮೇಲೆ, "ನಾನು ಖಾಯಂ ಆದ ಮೇಲೂ ಕೂಗಾಡ್ಲಿಲ್ಲ. ಚಹಾ ಕುಡಿಯೋಕೆ ಬಾ," ಎಂದಳು.

ಜೂನ್ 6, ಗುರುವಾರ

ರಿಹರ್ಸಲ್ ಚೆನ್ನಾಗಿತ್ತು. ನಾಲ್ಕನೇ ಭಾಗ ಮಾತ್ರ ವೇಗ ಹೆಚ್ಚಾಯಿತು, ಕಂಡಕ್ಟರನಿಗೆ ಯಾರಾದರೂ ಹೇಳಬೇಕು. ಉದ್ದನೆಯ ಹುಡುಗನಿಗೆ ಇನ್ನೊಂದು ನಗರದಲ್ಲಿ ಆಡಿಷನ್ ಇದೆ ಎಂದು ಅಜ್ಜನಿಂದ ತಿಳಿಯಿತು. ಅಲ್ಲಿ ಕೇಳುವ ಸಾಲುಗಳು ನನ್ನ ಹತ್ತಿರ ಇದ್ದವು, ಕಳಿಸಿದೆ.

ಸಂಜೆ ಅವರು ಬಂದಿದ್ದರು. ಕೆಳಗೆ ಅಜ್ಜನಿಗೆ ಕಮಾನು ಕೊಟ್ಟು ಮೇಲೆ ಹತ್ತಿ ಬಂದರು. ಗಡ್ಡ ಬೋಳಿಸಿಕೊಂಡಿದ್ದರು, ತೆಳ್ಳಗಾಗಿದ್ದರು. ಕುರ್ಚಿ ಹೋದ ಮೇಲೆ ಮೇಸ್ತ್ರಿ ಇನ್ನೂ ಕರೆದಿಲ್ಲವಂತೆ. ನಿಂತೇ ಕೇಳಿದರು.

"ಆರ್ಕೆಸ್ಟ್ರಾದಲ್ಲಿ ಯಾರಿಗಾದ್ರೂ ಹುಷಾರಿಲ್ಲದಾಗ ಹೊರಗಿನವರನ್ನ ಕರೀತಾರಂತಲ್ಲ. ಅದಕ್ಕೆ ಹೇಗೆ?"

"ಕಚೇರಿಯಲ್ಲಿ ಹೆಸರು ಬರೆಸಬೇಕು. ವರ್ಷಕ್ಕೊಮ್ಮೆ ನುಡಿಸಿ ತೋರಿಸೋಕೆ ಕರೀತಾರೆ. ಕೌಂಟರಿನಲ್ಲಿ ಒಬ್ಬರು ಇರ್ತಾರೆ, ಊಟಕ್ಕೆ ಮುಂಚೆ ಹೋಗಿ. ಭುಜ ಹೇಗಿದೆ ನಿಮಗೆ?"

"ಪರವಾಗಿಲ್ಲ. ನೀನು ಒಂದು ಮಾತು ಹೇಳಿದ್ರೆ..."

"ಪರದೆ ಹಾಕಿಯೇ ಕೇಳೋದು. ನಾನು ಹೇಳಿದ್ರೂ ಬಿಟ್ರೂ ಒಂದೇ. ಮೊದಲು ಭುಜ ತೋರಿಸಿ. ಆ ವೇಗದ ಸಾಲಿನಲ್ಲಿ ಬಿಗಿಯುತ್ತೆ."

ತಲೆಯಾಡಿಸಿದರು. ಇನ್ನೇನೋ ಹೇಳುವವರಂತೆ ಕಿಟಕಿಯ ಹೊಸ ಪರದೆಯನ್ನು, ಗೋಡೆಗೆ ಹೊಡೆದ ಮೊಳೆಗಳನ್ನು, ಮೂಲೆಯ ಒಲೆಯನ್ನು ನೋಡಿದರು. "ಸರಿ, ಬರ್ತೀನಿ" ಎಂದರು. ಮೆಟ್ಟಿಲು ಕಡಿದಾಗಿದೆ, ಹುಷಾರು ಎಂದೆ.

ಅವರು ಹೋದ ಮೇಲೆ ಅತ್ತೆಯ ಫೋನು ಬಂತು.

"ಎಲ್ಲಿದೀಯ?"

"ಮನೆಯಲ್ಲೇ ಇದೀನಿ ಅತ್ತೆ. ಒಲೆ ಹಚ್ತಿದೀನಿ."

ಅತ್ತೆ ಆ ಕಡೆ ತಮ್ಮ ಅಡಿಗೆಮನೆಯ ನಲ್ಲಿ ನಿಲ್ಲಿಸಿದರು. ಫೋನು ಕೆಟ್ಟಿತೇನೋ ಎಂದು "ಹಲೋ, ಹಲೋ" ಅಂದೆ. "ಕೇಳಿಸ್ತಿದೆ ಕಣಮ್ಮಾ. ಊಟ ಮಾಡು," ಎಂದು ಇಟ್ಟುಬಿಟ್ಟರು. ಯಾಕೆ ಫೋನು ಮಾಡಿದ್ದರೋ ಹೇಳಲೇ ಇಲ್ಲ. ಏನಾಯಿತೋ ಇವರಿಗೆ. ನಾಳೆ ಹತ್ತಕ್ಕೆ ರಿಹರ್ಸಲ್, ಎರಡನೇ ಪುಟದಲ್ಲಿ ಬೆರಳು ಇನ್ನೂ ಕೂತಿಲ್ಲ.